ಒಂದು ಲೋಟ ನೀರು, ಅರ್ಧ ತಾಸು

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಬೆಳಗಾಯಿತೆಂದರೆ ಮೊದಲು ಚಹಾ. ಉಳಿದದ್ದೆಲ್ಲ ಆಮೇಲೆ. ಗುಳಿಗೆ ನುಂಗುವವರಿಗೂ ಆ ಚಹಾದ ಗುಟುಕೇ ಆಗಬೇಕು. "ಚಾದಾಗ ನುಂಗಿಬಿಟ್ರ ಮುಗೀತು" ಎನ್ನುವ ಮಾತನ್ನು ಕೇಳದ ಮನೆಯೇ ಇಲ್ಲ. ಎಷ್ಟೋ ಗುಳಿಗೆಗಳಿಗೆ ಇದು ಹೇಗೋ ನಡೆದುಹೋಗುತ್ತದೆ. ಆದರೆ ಎಲುಬು ಸವೆದವರಿಗೆ ಡಾಕ್ಟರು ವಾರಕ್ಕೊಂದರಂತೆ ಬರೆದುಕೊಡುವ ಅಲೆಂಡ್ರೊನೇಟ್ ಗುಳಿಗೆಗೆ ಖಂಡಿತ ನಡೆಯುವುದಿಲ್ಲ.

ಸಿಂಧನೂರಿನಲ್ಲಿ ನಮ್ಮ ಬಂಧುಗಳ ಪೈಕಿ ಅಜ್ಜಿಯೊಬ್ಬರಿದ್ದಾರೆ. ಅವರ ಗುಳಿಗೆಯ ದಿನ ಸೋಮವಾರ. ಎದ್ದು ಬಾಯಿ ಮುಕ್ಕಳಿಸಿ, ಸ್ಟೀಲಿನ ದೊಡ್ಡ ಲೋಟದ ತುಂಬ ಬರೀ ನೀರು ಹಿಡಿದು ನಿಲ್ಲುತ್ತಾರೆ. ಗುಳಿಗೆಯನ್ನು ಕಡಿಯದೆ, ಚೀಪದೆ, ಇಡಿಯಾಗಿ ನುಂಗಿ ಲೋಟ ಖಾಲಿ ಮಾಡುತ್ತಾರೆ. ಸೊಸೆ ಚಹಾಕ್ಕೆ ಇಡುವುದು ಗಡಿಯಾರದ ದೊಡ್ಡ ಮುಳ್ಳು ಆರರಿಂದ ಹನ್ನೆರಡಕ್ಕೆ ಬಂದ ಮೇಲೆಯೇ. ಅಲ್ಲಿಯವರೆಗೆ ಅಜ್ಜಿ ತುಳಸಿಕಟ್ಟೆಯ ಸುತ್ತ ಮೆಲ್ಲಗೆ ಅಡ್ಡಾಡುತ್ತಾರೆ, ಇಲ್ಲವೆ ಕಟ್ಟೆಯ ಮೇಲೆ ನೆಟ್ಟಗೆ ಕೂಡುತ್ತಾರೆ. ಕಸಬರಿಗೆ ಹಿಡಿದು ಬಗ್ಗುವುದಿಲ್ಲ, ಎಲೆಅಡಿಕೆ ಚೀಲ ಬಿಚ್ಚುವುದಿಲ್ಲ. "ಕೂಡಬಹುದು, ನಿಂದ್ರಬಹುದು, ಮಕ್ಕೊಳ್ಳಂಗಿಲ್ಲ" ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಓದು ಬಾರದ ಆ ಹೆಣ್ಣುಮಗಳು ಈ ಔಷಧದ ಮರ್ಮವನ್ನು ಮೂರು ಮಾತಿನಲ್ಲಿ ಹಿಡಿದಿದ್ದಾರೆ.

ಮರ್ಮ ಇಷ್ಟೇ. 70 ಮಿಲಿಗ್ರಾಂ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಅದರ ನೂರರಲ್ಲೊಂದು ಪಾಲೂ ಮೈಗೆ ಸೇರುವುದಿಲ್ಲ. ಕಾಫಿಯ ಜೊತೆ ನುಂಗಿದರೆ ಆ ಚೂರಿನಲ್ಲೂ ಅರ್ಧಕ್ಕಿಂತ ಹೆಚ್ಚು ಹೋಯಿತು. ಉಪ್ಪಿಟ್ಟಿನ ಜೊತೆಗೋ ಹಾಲಿನ ಜೊತೆಗೋ ನುಂಗಿದರೆ ಸಿಗುವುದು ಹೆಚ್ಚುಕಡಿಮೆ ಸೊನ್ನೆ. ಎಷ್ಟೋ ಮನೆಗಳಲ್ಲಿ ನಡೆಯುವುದು ಇನ್ನೊಂದು. ಕ್ಯಾಲ್ಸಿಯಂ ಗುಳಿಗೆಯೂ ಇದೂ ಒಂದೇ ಕವರಿನಲ್ಲಿ ಬರುತ್ತವೆ, ಎರಡೂ "ಎಲುಬಿನ ಗುಳಿಗಿ" ಎಂದು ಒಟ್ಟಿಗೇ ಬಾಯಿಗೆ ಬೀಳುತ್ತವೆ. ಕ್ಯಾಲ್ಸಿಯಂ ಈ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಅದನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳುವುದು ಮೇಲು.

ನೀರು ಕಡಿಮೆಯಾದರೆ, ನುಂಗಿ ಮತ್ತೆ ಅಡ್ಡಾದರೆ ಆಗುವುದು ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿ ಈ ಔಷಧಕ್ಕೆ ಪರವಾನಗಿ ಸಿಕ್ಕದ್ದು 1995ರಲ್ಲಿ. ಮರುವರ್ಷವೇ ಅಲ್ಲಿನ ವೈದ್ಯರು ಅನ್ನನಾಳದಲ್ಲಿ ಹುಣ್ಣಾದವರ ಬಗ್ಗೆ ಬರೆದರು. ಅಂಥವರಲ್ಲಿ ಹಲವರು ಗುಟುಕು ನೀರಿನಲ್ಲಿ ನುಂಗಿದವರು, ನುಂಗಿ ಮಲಗಿದವರು. ಗುಳಿಗೆ ಗಂಟಲಿನ ಕೆಳಗೆ ಅಂಟಿ ಕೂತರೆ ಅಲ್ಲಿನ ಪೊರೆ ಸುಡುತ್ತದೆ. ಅದಕ್ಕೇ ತುಂಬಿದ ಲೋಟ, ಅದಕ್ಕೇ ಅರ್ಧ ತಾಸು. ನುಂಗುವಾಗ ನೋವು, ಎದೆಯಲ್ಲಿ ಹೊಸದಾಗಿ ಉರಿ ಕಂಡರೆ ಮುಂದಿನ ಗುಳಿಗೆ ಮುಟ್ಟದೆ ಡಾಕ್ಟರಲ್ಲಿಗೆ ಹೋಗಬೇಕು. ನೆಟ್ಟಗೆ ಕೂಡಲಾಗದವರಿಗೆ, ಅನ್ನನಾಳದ ತೊಂದರೆ ಇದ್ದವರಿಗೆ ಈ ಗುಳಿಗೆ ಸಲ್ಲದು. ಅಂಥವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೋಲೆಡ್ರೋನಿಕ್ ಆಮ್ಲ ಇದೆ. ಕೊಡಬಹುದೋ ಇಲ್ಲವೋ ಎಂದು ಹೇಳಬೇಕಾದವರು ಡಾಕ್ಟರು. ಕಿಡ್ನಿ ತೀರ ಸೋತವರಿಗೆ ಎರಡೂ ಬೇಡ.

ನೀರಿನ ಮಾತು ಬಂತು. ಈ ಔಷಧಗಳ ಕುಲವೇ ನೀರಿನಿಂದ ಹುಟ್ಟಿದ್ದು. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದನ್ನು ನಮ್ಮ ಕಡೆಯವರಿಗೆ ಯಾರೂ ತೋರಿಸಬೇಕಿಲ್ಲ. ಕೊಳವೆಗಳಲ್ಲಿ ಆ ಹಕ್ಕಳೆ ಕಟ್ಟದಂತೆ ಕಾರ್ಖಾನೆಗಳು ಬಳಸುತ್ತಿದ್ದ ರಾಸಾಯನಿಕಗಳ ಬಳಗ ಇದು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಇವು ಎಲುಬಿಗೂ ಅಂಟುತ್ತವೆ, ಎಲುಬು ಕರಗುವುದನ್ನು ತಡೆಯುತ್ತವೆ ಎಂದು ಕಂಡರು. ಸುಣ್ಣದಂಶಕ್ಕೆ ಅಂಟುವ ಗುಣವೇ ಇದರ ಶಕ್ತಿ. ಹಾಗಾಗಿ ಬೋರಿನ ಗಡಸು ನೀರಿನಲ್ಲಿ ಇದನ್ನು ನುಂಗುವುದು ಒಳ್ಳೆಯದಲ್ಲ, ನೀರಿನೊಳಗಿನ ಕ್ಯಾಲ್ಸಿಯಮ್ಮೇ ಅದನ್ನು ಹಿಡಿದುಕೊಳ್ಳುತ್ತದೆ. ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದು ಲೋಟ ತೆಗೆದಿಡಿ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಇದ್ದೂ ನಮ್ಮ ಎಷ್ಟೋ ಹಳ್ಳಿಗಳು ಕುಡಿದದ್ದು ನೆಲದೊಳಗಿನ ನೀರನ್ನೇ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಗದ್ದೆಗಳಿಗೆ ಭತ್ತ ಕೊಟ್ಟಿತು, ಕಾಲುವೆ ಮುಟ್ಟದ ಊರುಗಳಿಗೆ ಬೋರೇ ಗತಿಯಾಯಿತು. ಆ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಏರಿದಲ್ಲಿ ಬೆನ್ನು ಬಿಗಿಯುತ್ತದೆ, ಕೀಲು ಮಡಚುವುದಿಲ್ಲ. ಇದೂ ಎಲುಬಿನ ಬೇನೆಯೇ, ಆದರೆ ಸವೆತವಲ್ಲ. ಎಕ್ಸ್‌ರೇಯಲ್ಲಿ ಎಲುಬು ಅತಿಯಾಗಿ ಗಟ್ಟಿ ಕಾಣುವುದೂ ಉಂಟು. ಅಲೆಂಡ್ರೊನೇಟ್ ಅದಕ್ಕೆ ಮದ್ದಲ್ಲ. ಅಲ್ಲಿ ಮೊದಲು ಬದಲಾಗಬೇಕಾದದ್ದು ಕುಡಿಯುವ ನೀರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಒಂದು ಕಾಲಕ್ಕೆ ಫ್ಲೋರೈಡನ್ನೇ ಎಲುಬಿನ ಸವೆತಕ್ಕೆ ಔಷಧವಾಗಿ ಕೊಟ್ಟು ನೋಡಿದ್ದರು. 1990ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಬೆನ್ನೆಲುಬಿನ ಸಾಂದ್ರತೆ ಏರಿತು, ಬೆನ್ನಿನ ಹೊರಗಿನ ಎಲುಬುಗಳ ಮುರಿತವೂ ಏರಿತು. ಗಟ್ಟಿ ಕಾಣುವ ಎಲುಬೆಲ್ಲ ಬಲವಾದ ಎಲುಬಲ್ಲ. ಆದ್ದರಿಂದ ರಾಯಚೂರಿಗೋ ಬಳ್ಳಾರಿಗೋ ತೋರಿಸಲು ಹೋದಾಗ ಸೊಂಟದ ನೋವು ಹೇಳಿ ಸುಮ್ಮನಾಗಬೇಡಿ. ಯಾವ ಊರು, ಎಷ್ಟು ವರ್ಷ ಯಾವ ಬೋರಿನ ನೀರು ಎಂಬುದನ್ನೂ ಹೇಳಿ. ನೆರೆಮನೆಯವರ ಪಟ್ಟಿಯಿಂದ ಗುಳಿಗೆ ಕೇಳಿ ನುಂಗುವುದಂತೂ ಬೇಡವೇ ಬೇಡ.

ಮದ್ದು, ನೀರು ಎಂದಾಗ ಮಸ್ಕಿಯ ಬಂಡೆ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು, ಇಬ್ಬರೂ ಒಬ್ಬನೇ ಅರಸ ಎಂದು ಗುರುತಿಸಲು ಚರಿತ್ರೆಕಾರರಿಗೆ ದಾರಿ ತೆರೆಯಿತು. ಅದೇ ಅರಸ ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ, ಔಷಧದ ಗಿಡ, ದಾರಿಯ ಬದಿಗೆ ಬಾವಿ ಎಂದು ಒಟ್ಟಿಗೇ ಹೇಳಿಸಿದ್ದಾನೆ. ಮದ್ದನ್ನೂ ನೀರನ್ನೂ ಬೇರೆ ಮಾಡದ ಆ ನೋಟ ನಮ್ಮ ಸೀಮೆಗೆ ಇವತ್ತಿಗೂ ಬೇಕು.

ಹಲ್ಲಿನ ಮಾತೊಂದು ಬಾಕಿ. ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಹಲ್ಲು ಕೀಳಿಸಿದ ಮೇಲೆ ದವಡೆಯ ಎಲುಬು ಮಾಯದೆ ಉಳಿಯುವುದು ಬಹಳ ಅಪರೂಪ, ಆದರೂ ಉಂಟು. ಕೀಳಿಸುವ ಹಲ್ಲಿದ್ದರೆ ಗುಳಿಗೆ ಶುರುಮಾಡುವ ಮೊದಲೇ ಕೀಳಿಸಿಕೊಳ್ಳುವುದು ಒಳ್ಳೆಯದು. ಶುರುವಾಗಿದ್ದರೆ ಹಲ್ಲಿನ ಡಾಕ್ಟರಿಗೆ ತಿಳಿಸಬೇಕು. ವರ್ಷಗಟ್ಟಲೆ ನುಂಗಿದವರಿಗೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಹೊಸ ನೋವು ಬಂದರೆ ನಾಟಿಯ ದಣಿವೆಂದು ಎಣ್ಣೆ ತಿಕ್ಕಿ ಕೂಡಬಾರದು, ತೋರಿಸಬೇಕು. ಮೂರರಿಂದ ಐದು ವರ್ಷಕ್ಕೆ, ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿಯೇ ಮುಂದುವರಿಸಬೇಕು.

ಪಟ್ಟಿಯ ಮೇಲಿನ ಬರಹವೆಲ್ಲ ಇಂಗ್ಲಿಷು, ನುಂಗುವವರು ನಮ್ಮ ಅವ್ವ, ಅತ್ತೆ, ಅಜ್ಜಿಯರು. ಮಕ್ಕಳೇ, ಮೊಮ್ಮಕ್ಕಳೇ, ಮೆಡಿಕಲ್ ಅಂಗಡಿಯಿಂದ ತಂದು ಕೊಟ್ಟು ಹೋಗಬೇಡಿ. ವಾರದಲ್ಲಿ ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಕ್ಕೊಂದಲ್ಲ, ವಾರಕ್ಕೊಂದು ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಡಬ್ಬಿಗೆ ಅಂಟಿಸಿ. ಆ ದಿನ ಮರೆತರೆ ನೆನಪಾದ ಮರುದಿನ ಬೆಳಿಗ್ಗೆ ಒಂದನ್ನೇ ಕೊಡಿ, ಒಂದೇ ದಿನ ಎರಡು ಕೊಡಬೇಡಿ.