ಬೈಯೋಕಾದ್ರೂ ಒಬ್ಬ ಮೆಂಬರ್ ಬೇಕು

ಬಸವನಗುಡಿಯ ನಮ್ಮ ರೂಮಿನಲ್ಲಿ ನಾವು ನಾಲ್ಕು ಜನ. ಗುಂಡ್ಲುಪೇಟೆ, ಶಿರಾ, ಚಿಂತಾಮಣಿ, ಹೊಸದುರ್ಗ. ನಾಲ್ಕೂ ಮುಗಿಲು ನೋಡ್ಕೊಂಡು ಬಿತ್ತೋ ಸೀಮೆಗಳು.

ಊರಲ್ಲಿ ಬೋರ್‌ವೆಲ್ ಮೋಟ್ರು ಸುಟ್ಟರೆ ಏನಾಗುತ್ತೆ ಅಂತ ನಾವು ನೋಡ್ತಾ ಬೆಳೆದವರು. ಬೆಳಿಗ್ಗೆ ಆರಕ್ಕೆಲ್ಲ ಖಾಲಿ ಬಿಂದಿಗೆಗಳು ಪಂಚಾಯ್ತಿ ಮೆಂಬರ್ ಮನೆ ಮುಂದೆ ಸಾಲಾಗಿ ಕೂತಿರುತ್ತವೆ. ಮೆಂಬರಕ್ಕ ಕಾಫಿಗೂ ಮುಂಚೆ ನೀರುಗಂಟಿಗೆ ಫೋನ್ ಹಚ್ಚಬೇಕು, ಆಮೇಲೆ ಪಿಡಿಒಗೆ. ಕೆಲಸ ಅವತ್ತೇ ಆಗುತ್ತೆ ಅಂತೇನಿಲ್ಲ. ಆದ್ರೆ ‘ವೋಟು ಕೇಳೋಕೆ ಬರ್ತೀಯಲ್ಲ, ಬಾ’ ಅಂತ ಮುಖಕ್ಕೆ ಹೇಳೋಕೆ ಒಂದು ಬಾಗಿಲಿದೆ.

ಇಲ್ಲಿ ನಮ್ಮ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯ ದೀಪ ಹೋಯಿತು. 1898ರ ಪ್ಲೇಗ್ ಆದಮೇಲೆ, ಜನ ಗಾಳಿ ಬೆಳಕಿನಲ್ಲಿ ಬದುಕಲಿ ಅಂತ ಬೆಳೆಸಿದ ಬಡಾವಣೆ ಇದು, ಮಲ್ಲೇಶ್ವರದ ಹಾಗೆ. ಆ ಗಲ್ಲಿಯಲ್ಲೇ ರಾತ್ರಿ ನಾವು ಮೊಬೈಲ್ ಟಾರ್ಚ್ ಹಿಡ್ಕೊಂಡು ಓಡಾಡಿದ್ವಿ. ಆ್ಯಪ್‌ನಲ್ಲಿ ದೂರು ಕೊಟ್ಟರೆ ಒಂದು ನಂಬರ್ ಬಂತು. ನಾಲ್ಕು ದಿನಕ್ಕೆ ‘ಬಗೆಹರಿದಿದೆ’ ಅಂತ ಮೆಸೇಜೂ ಬಂತು, ದೀಪ ಮಾತ್ರ ಬರಲಿಲ್ಲ. ಓನರ್ ಅಜ್ಜಿ ನಕ್ಕರು. “ಮೊದ್ಲಾಗಿದ್ರೆ ಕಾರ್ಪೊರೇಟರ್ ಮನೇಲಿ ಹೋಗಿ ಕೂತ್ಕೋತಿದ್ವಿ ಕಣ್ರಪ್ಪಾ. ಈಗ ಯಾರ ಮನೆಗೆ ಅಂತ ಹೋಗ್ತೀರಿ?”

ಅಜ್ಜಿ ಹೇಳಿದ್ದು ಸರಿ. 2015ರಲ್ಲಿ ಆರಿಸಿದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. 198 ವಾರ್ಡು 243 ಅಂದರು, 225 ಅಂದರು, 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಆ ವರ್ಷ ಮುಗಿದರೂ ಚುನಾವಣೆ ಆಗಲಿಲ್ಲ. (ಅಸೈನ್‌ಮೆಂಟ್ ಮುಂದೂಡೋಕೆ ನಾವೂ ಇಷ್ಟು ಕಾರಣ ಕೊಟ್ಟಿಲ್ಲ.) ಕೊರೊನಾ ನೆಪ ಹೇಳೋ ಹಾಗೂ ಇಲ್ಲ: ಅದೇ 2020ರ ಡಿಸೆಂಬರ್‌ನಲ್ಲಿ ನಮ್ಮ ಊರುಗಳ ಗ್ರಾಮ ಪಂಚಾಯ್ತಿಗಳಿಗೆ ಮಾಸ್ಕ್ ಹಾಕ್ಕೊಂಡೇ ಜನ ವೋಟು ಹಾಕಿದ್ದರು.

ಹಾಗಂತ ಹಳ್ಳಿ ಕಡೆ ಎಲ್ಲ ಸರಿ ಇದೆ ಅಂತಲೂ ಅಲ್ಲ. ಗುಂಡ್ಲುಪೇಟೆ ಅಂದಕೂಡಲೇ ನಾವು ನೆನೆಯೋದು ಅಬ್ದುಲ್ ನಜೀರ್ ಸಾಬರನ್ನ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಬರದ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಆದವರು. ನಮಗೆ ಬೋರ್‌ವೆಲ್‌ಗಿಂತ ದೊಡ್ಡದಾಗಿ ಕಾಣೋದು 1983ರ ಪಂಚಾಯತ್ ಕಾಯ್ದೆ. 1987ರಲ್ಲಿ ಅದರ ಪ್ರಕಾರ ಚುನಾವಣೆಯಾದಾಗ ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ. ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಬೇಕಿತ್ತು. ದುಡ್ಡು ಎಲ್ಲಿಗೆ ಹೋಗಬೇಕು ಅಂತ ಜಿಲ್ಲೆಯ ಜನ ಆರಿಸಿದವರು ಹೇಳೋದು, ಅಧಿಕಾರಿ ನಡೆಸೋದು. ದೇಶಕ್ಕೆಲ್ಲ 73ನೇ ತಿದ್ದುಪಡಿ ಬಂದದ್ದು ಅದಾಗಿ ಐದಾರು ವರ್ಷಕ್ಕೆ. ಅಂಥ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ರಿಂದ ಆ ಕುರ್ಚಿಗಳೂ ಖಾಲಿ.

ನಮಗೀಗ ಇಪ್ಪತ್ತು ದಾಟಿದೆ. 2024ರಲ್ಲಿ ದೆಹಲಿಗೆ ಯಾರು ಹೋಗಬೇಕು ಅಂತ ವೋಟು ಹಾಕಿ ಬಂದೆವು. ಮೋರಿ, ದೀಪ, ನಲ್ಲಿಗೆ ಅಂತ ಒಂದೇ ಒಂದು ವೋಟೂ ಇನ್ನೂ ಹಾಕಿಲ್ಲ.

ಚಿಂತಾಮಣಿ, ಶಿರಾದ ಇಬ್ಬರು ಹೆಸರನ್ನು ಬಸವನಗುಡಿಯ ಪಟ್ಟಿಗೆ ಬದಲಾಯಿಸೋಕೆ ಫಾರಂ 8 ತುಂಬಿದ್ದಾರೆ. ವರ್ಷದಲ್ಲಿ ಹತ್ತು ತಿಂಗಳು ಇರೋದು ಇಲ್ಲೇ ತಾನೇ ಅನ್ನೋದು ಅವರ ವಾದ. ಗುಂಡ್ಲುಪೇಟೆಯವನು ಬಿಲ್‌ಕುಲ್ ಒಪ್ಪುತ್ತಿಲ್ಲ. ಅವನ ಅಮ್ಮ ನೀರು ಹಿಡಿಯೋ ನಲ್ಲಿ ಅಲ್ಲಿದೆ.