ಕೋಟು ತೊಟ್ಟೇ ಕಡಲಿಗೆ ಬಂದವರು

ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲತೀರದ ಹಳೆಯ ಫೋಟೋಗಳನ್ನು ನೋಡುವಾಗ ನನ್ನ ಕಣ್ಣು ಸಮುದ್ರದತ್ತ ಹೋಗುವುದೇ ಇಲ್ಲ, ಬಟ್ಟೆಗಳ ಮೇಲೆ ನಿಂತುಬಿಡುತ್ತದೆ. ಮರಳಿನ ಮೇಲೆ ಒತ್ತೊತ್ತಾಗಿ ಕ್ಯಾನ್ವಾಸ್ ಕುರ್ಚಿಗಳು. ಅವುಗಳಲ್ಲಿ ಕೋಟು, ಟೈ, ಟೋಪಿ ಸಮೇತ ಒರಗಿದ ಗಂಡಸರು. ತಲೆಯ ಹ್ಯಾಟು ತೆಗೆಯದೆ ಕೂತ ಹೆಂಗಸರು. ನೀರಿಗೆ ಇಳಿದವರೂ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಪಾದ ನೆನೆಯುವಷ್ಟಕ್ಕೇ ನಿಂತಿದ್ದಾರೆ. ಬೆವರು ಮೆತ್ತಿದ ಬಟ್ಟೆಯಲ್ಲೇ ವರ್ಷ ಕಳೆಯುವವರು ರಜೆಗೆ ಹೊರಟಾಗ ಇದ್ದದ್ದರಲ್ಲಿ ಒಳ್ಳೆಯದನ್ನೇ ಉಡುತ್ತಾರಲ್ಲವೇ? ಅದು ಅವರ ಹಬ್ಬದ ಉಡುಪು.

ಇವರಲ್ಲಿ ಹೆಚ್ಚಿನವರು ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಕೆಲಸಗಾರರು. ಬೇಸಿಗೆಯಲ್ಲಿ ಒಂದೊಂದು ಊರಿಗೆ ಒಂದೊಂದು ವಾರ ಗೊತ್ತುಮಾಡಿ ಅಲ್ಲಿನ ಗಿರಣಿಗಳನ್ನೆಲ್ಲ ಮುಚ್ಚುತ್ತಿದ್ದರು. ಬಾಯ್ಲರು ತೊಳೆಯುವುದು, ಯಂತ್ರ ರಿಪೇರಿ ಎಲ್ಲ ಆಗಲೇ. ‘ವೇಕ್ಸ್ ವಾರ’ ಎಂಬ ಆ ವಾರದಲ್ಲಿ ಊರಿಗೆ ಊರೇ ರೈಲು ಹತ್ತಿ ಕಡಲಿಗೆ ಹೋಗುತ್ತಿತ್ತು. ಹಾಗಾಗಿ ಮರಳಿನ ಮೇಲೆ ಪಕ್ಕದ ಕುರ್ಚಿಯಲ್ಲಿ ಸಿಗುವವರೂ ಓಣಿಯ ನೆರೆಯವರೇ. ವಸತಿ ಮನೆಗಳಲ್ಲಿ ಎಷ್ಟೋ ಕುಟುಂಬಗಳು ತಾವೇ ಸಾಮಾನು ತಂದುಕೊಟ್ಟು ಮನೆಯೊಡತಿಯಿಂದ ಅಡುಗೆ ಮಾಡಿಸಿಕೊಳ್ಳುತ್ತಿದ್ದವು. ಆ ವಾರಕ್ಕೆ ಬಹುಪಾಲು ಜನರಿಗೆ ಕೂಲಿ ಇರಲಿಲ್ಲ. ಸಂಬಳ ಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ. ಅದಕ್ಕೂ ಮೊದಲಿನ ಫೋಟೋಗಳಲ್ಲಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದವರು ವರ್ಷವಿಡೀ ವಾರವಾರ ಪುಡಿಗಾಸು ಎತ್ತಿಟ್ಟು ಆ ನಿದ್ದೆಯನ್ನು ಕೊಂಡುಕೊಂಡವರು. ಇದು ತಿಳಿದ ಮೇಲೆ ಆ ಮುಖಗಳನ್ನು ಬೇಗ ದಾಟಿ ಹೋಗುವುದು ನನ್ನಿಂದ ಆಗುತ್ತಿಲ್ಲ.

ಬ್ಲ್ಯಾಕ್‌ಪೂಲಿನಲ್ಲಿ ಕಡಲಿನೊಳಕ್ಕೆ ಚಾಚಿದ ಮೂರು ವಿಹಾರಕಟ್ಟೆಗಳಿವೆ. ಅಲ್ಲಿನವರು ಪಿಯರ್ ಎನ್ನುತ್ತಾರೆ. ಬ್ರೈಟನ್ನಿನ ವೆಸ್ಟ್ ಪಿಯರ್ ಕಟ್ಟಿದ ಎಂಜಿನಿಯರ್ ಯೂಜೀನಿಯಸ್ ಬರ್ಚ್‌ನೇ ಇಲ್ಲಿನ ಮೊದಲನೆಯದಾದ ನಾರ್ತ್ ಪಿಯರನ್ನೂ ರೂಪಿಸಿದ. ಬುಡದಲ್ಲಿ ತಿರುಪಿನ ಅಲಗಿರುವ ಕಬ್ಬಿಣದ ಕಂಬಗಳನ್ನು ಸಮುದ್ರತಳಕ್ಕೆ ತಿರುಗಿಸಿ ಇಳಿಸುವುದು ಆತನ ವಿಧಾನ. ದೋಣಿ ಹತ್ತದೆ, ತಲೆ ಸುತ್ತದೆ, ಅಲೆಗಳ ಮೇಲೆ ಅರ್ಧ ಕಿಲೋಮೀಟರಿನಷ್ಟು ನಡೆದು ಬರಬಹುದಿತ್ತು. ಅಲ್ಲಿಯ ಬಿಗುಮಾನ ಬಡವರಿಗೆ ಒಗ್ಗಲಿಲ್ಲ. 1868ರಲ್ಲಿ ತೆರೆದ ಸೆಂಟ್ರಲ್ ಪಿಯರಿನಲ್ಲಿ ಬಯಲಿಗೇ ಕುಣಿತ ಶುರುವಾಯಿತು, ಜನ ಅಲ್ಲಿ ತುಂಬಿಕೊಂಡರು.

ನಾರ್ತ್ ಪಿಯರ್ ತೆರೆದದ್ದು 1863ರ ಮೇ ತಿಂಗಳಲ್ಲಿ. ಈ ಇಸವಿ ಬಯಲುಸೀಮೆಯವನಾದ ನನ್ನನ್ನು ತಡೆದು ನಿಲ್ಲಿಸುತ್ತದೆ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಬರುವುದು ನಿಂತು ಲ್ಯಾಂಕಾಶೈರಿನ ಗಿರಣಿಗಳು ಸ್ತಬ್ಧವಾಗಿದ್ದ, ಕೆಲಸಗಾರರು ಗಂಜಿಗಾಗಿ ಸಾಲು ನಿಂತಿದ್ದ ಹೊತ್ತು ಅದು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಆಗ ಧಾರವಾಡದ ಎರೆಹೊಲಗಳ ಮೇಲೆ ಬಿದ್ದಿತ್ತು. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ 1840ರ ದಶಕದಲ್ಲೇ ಇಲ್ಲಿ ಬೇರೂರಿತ್ತು. ಹುಬ್ಬಳ್ಳಿ ಕಡೆಯ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ನಾಡ ಹತ್ತಿಗೆ ಪೇಟೆಯಲ್ಲಿ ಆ ಬಂದರಿನ ಹೆಸರೇ ನಿಂತಿತು. ಕಾರವಾರದಲ್ಲಿ ಬಂದರು ಕಟ್ಟಿ, ಘಟ್ಟದಲ್ಲಿ ರಸ್ತೆ ಮಾಡಿಕೊಡಿ ಎಂದು ಮ್ಯಾಂಚೆಸ್ಟರ್ ಸರ್ಕಾರವನ್ನು ಒತ್ತಾಯಿಸುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬಯಿಗೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು.

ಆ ಕಾಲದ ಪಿಯರುಗಳ ಫೋಟೋಗಳಲ್ಲಿ ಜನ ಸರಿಯಾಗಿ ಕಾಣುವುದು ಅಪರೂಪ. ಗಾಜಿನ ಹಲಗೆಗೆ ಸ್ಥಳದಲ್ಲೇ ದ್ರಾವಣ ಬಳಿದು, ಅದು ಆರುವ ಮುನ್ನ ಚಿತ್ರ ತೆಗೆದು ತೊಳೆಯಬೇಕಿತ್ತು. ಹೊತ್ತು ಹಿಡಿಯುತ್ತಿದ್ದ ಆ ಕೆಲಸದಲ್ಲಿ ಅಲೆಗಳು ಮಂಜಿನಂತೆ ಮೂಡಿದವು, ನಡೆಯುತ್ತಿದ್ದವರು ಅಳಿಸಿಹೋದರು. ಉಳಿದದ್ದು ಕಬ್ಬಿಣ. ಮುಂದೆ ಒಣ ಹಲಗೆಗಳೂ ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳೂ ಬಂದ ಮೇಲೆಯೇ ಜನ ಚಿತ್ರದೊಳಗೆ ಕಾಲಿಟ್ಟದ್ದು. 1892ರಲ್ಲಿ ಪಾಲ್ ಮಾರ್ಟಿನ್ ಕಂಕುಳಲ್ಲಿ ಪೊಟ್ಟಣದಂತೆ ಕಾಣುವ ಕ್ಯಾಮೆರಾ ಇಟ್ಟುಕೊಂಡು ಗ್ರೇಟ್ ಯಾರ್ಮತ್ತಿನ ಮರಳಿನಲ್ಲಿ ಸುತ್ತಾಡಿದ. ಮರದಲ್ಲಿ ಅಚ್ಚು ಕೆತ್ತುವುದು ಆತನ ಕಸುಬು. ಫೋಟೋ ಮುದ್ರಣ ಬಂದು ಅದನ್ನು ನುಂಗುತ್ತಿತ್ತು. ಆತನ ಚಿತ್ರಗಳಲ್ಲಿ ಹಗಲಲ್ಲೇ ತಬ್ಬಿಕೊಂಡು ಮಲಗಿದ ಜೋಡಿಗಳಿವೆ. ವಿಕ್ಟೋರಿಯಾ ಕಾಲದವರೆಂದರೆ ಬಿಗಿದುಕೊಂಡೇ ಇದ್ದವರು ಎಂಬ ಮಾತನ್ನು ಅವು ಸುಳ್ಳುಮಾಡುತ್ತವೆ.

1937ರಲ್ಲಿ ಹಂಫ್ರಿ ಸ್ಪೆಂಡರ್ ಬೋಲ್ಟನ್ನಿನ ಗಿರಣಿಯವರ ಬೆನ್ನಿಗೇ ಬ್ಲ್ಯಾಕ್‌ಪೂಲಿಗೂ ಹೋದ. ಜನಸಾಮಾನ್ಯರ ದಿನಚರಿ ದಾಖಲಿಸುವ ‘ಮಾಸ್ ಅಬ್ಸರ್ವೇಶನ್’ ತಂಡಕ್ಕಾಗಿ, ಕೋಟಿನ ಮರೆಯಲ್ಲಿ ಲೈಕಾ ಹಿಡಿದು ಆತ ಚಿತ್ರ ತೆಗೆದ. ಹೀಗೆ ಕದ್ದು ತೆಗೆಯುವುದು ಸರಿಯೇ ಎಂಬ ಅಳುಕು ಆತನಿಗಿತ್ತು, ನನಗೂ ಇದೆ. ಕೇಳಿದ್ದರೆ ಎಷ್ಟು ಮಂದಿ ಒಪ್ಪುತ್ತಿದ್ದರೋ. ಆದರೂ ಆ ಚಿತ್ರಗಳು ಉಳಿದದ್ದಕ್ಕೆ ನಾನು ಕೃತಜ್ಞ. ದುಡಿಯುವವರನ್ನು ಕ್ಯಾಮೆರಾ ಸಾಮಾನ್ಯವಾಗಿ ಯಂತ್ರದ ಪಕ್ಕದಲ್ಲೋ ಮುಷ್ಕರದಲ್ಲೋ ಹಿಡಿಯುತ್ತದೆ. ಇಲ್ಲಿ ಅವರ ಕೈಗಳು ಸುಮ್ಮನಿವೆ.

ಆ ಗಿರಣಿಗಳಿಗೆ ಅರಳೆ ಬಿಡಿಸಿ ಕಳಿಸಿದ ನಮ್ಮವರ ಬಿಡುವಿನ ಹೊತ್ತನ್ನು 1863ರಲ್ಲಿ ಹಿಡಿದಿಟ್ಟ ಚಿತ್ರ ನಾನೊಂದೂ ಕಂಡಿಲ್ಲ. ಎಷ್ಟೋ ವರ್ಷಗಳ ನಂತರ ಜಾತ್ರೆಗಳಲ್ಲಿ ಫೋಟೋದವರು ಡೇರೆ ಹಾಕತೊಡಗಿದರು. ಬನಶಂಕರಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ನಾಟಕ ನೋಡಿ, ಬಣ್ಣದ ಪರದೆಯ ಮುಂದೆ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ರುಮಾಲು ಸುತ್ತಿಕೊಂಡು ನಿಂತ ಗಂಡಹೆಂಡಿರ ಫೋಟೋಗಳು ನಮ್ಮ ಕಡೆಯ ಟ್ರಂಕುಗಳಲ್ಲಿವೆ. ಯಾರ ಮನೆಗೆ ಹೋದರೂ ಅವನ್ನು ತೋರಿಸಿ ಎನ್ನುತ್ತೇನೆ. ಅಜ್ಜಿಯರು ಇದ್ದರೆ ಪಕ್ಕದಲ್ಲಿ ಕೂತು ಕೇಳುತ್ತೇನೆ: ಇದು ಯಾವ ವರ್ಷದ ಜಾತ್ರೆ, ಜೊತೆಗೆ ನಿಂತವರು ಯಾರು, ಆ ಸಲ ಹತ್ತಿ ಹೇಗೆ ಬಂದಿತ್ತು?