ಪಾಸಾದ ಮೇಲೆ ಕೆಲಸಕ್ಕೆ ಬಾರದ ಚಾಕು

ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿರುವ ಪರೀಕ್ಷೆ ಎಂದರೆ ವಿದ್ಯಾರ್ಥಿಗಳ ಕಿವಿ ನೆಟ್ಟಗಾಗುತ್ತದೆ. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಚಾಕು ಕಮ್ಮಾರರ ಸಂಘ ನಡೆಸುವುದು ಅಂಥದೇ ಪರೀಕ್ಷೆ. ಪ್ರಶ್ನೆಗಳು ನಾಲ್ಕೇ, ಅವು ಎಲ್ಲರಿಗೂ ಗೊತ್ತು. ಆದರೂ ಅದಕ್ಕೆ ಕೂರುವವರ ಎದೆ ಡವಗುಟ್ಟುತ್ತದೆ.

ಅಭ್ಯರ್ಥಿ ತನ್ನ ಕೈಯಾರೆ ಬಡಿದು ಮಾಡಿದ ಚಾಕುವನ್ನು ತರಬೇಕು. ಅಲಗು 10 ಇಂಚು, ಹಿಡಿಯೂ ಸೇರಿದರೆ 15 ಇಂಚು ಮೀರಕೂಡದು. ಮೊದಲು, ತೂಗುಬಿಟ್ಟ 1 ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಬಿಗಿದು ಕಟ್ಟಿದ ಹಗ್ಗವಾದರೆ ಯಾರಾದರೂ ಕತ್ತರಿಸಿಯಾರು. ತೂಗಾಡುವ ಹಗ್ಗ ಏಟಿಗೆ ಸರಿದುಬಿಡುತ್ತದೆ. ಬಾಯಿ ಹರಿತವಿಲ್ಲದಿದ್ದರೆ ಅದು ಜೋಕಾಲಿ ಆಡುತ್ತದೆ, ಅಷ್ಟೆ. ಆಮೇಲೆ ಮನೆ ಕಟ್ಟಲು ಬಳಸುವ ದಪ್ಪ ಮರದ ಪಟ್ಟಿಯನ್ನು ಎರಡು ಸಲ ಕಡಿದು ತುಂಡರಿಸಬೇಕು. ಮೂರನೆಯದು ಕಠಿಣ. ಅಷ್ಟೆಲ್ಲ ಕಡಿದ ಅದೇ ಬಾಯಿಯಿಂದ, ಸಾಣೆ ಹಿಡಿಯದೆ, ಮುಂಗೈಯ ಕೂದಲನ್ನು ಬೋಳಿಸಿ ತೋರಿಸಬೇಕು. (ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡುವುದು ಬೇಡ.) ಕೊನೆಗೆ ಅಲಗಿನ ತುದಿಯನ್ನು ವೈಸ್‌ನಲ್ಲಿ ಬಿಗಿದು, 90 ಡಿಗ್ರಿ ಬಾಗಿಸಬೇಕು. ಬಾಯಿಯ ಅಂಚಿನಲ್ಲಿ ಸಣ್ಣ ಬಿರುಕು ಬಿದ್ದರೆ ಮಾಫಿ. ಮುರಿದರೆ ಫೇಲು.

ಈ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ವೈರಿಗಳು. ಹಗ್ಗ, ಮರ, ಕೂದಲು ಈ ಮೂರೂ ಕೇಳುವುದು ಗಡಸುತನವನ್ನು. ಬಾಗುವುದಕ್ಕೆ ಬೇಕಾದದ್ದು ತಾಳಿಕೆ, ಅಂದರೆ ಒಡೆಯದೆ ಪೆಟ್ಟು ತಿನ್ನುವ ಗುಣ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುವುದೇ ಹೆಚ್ಚು. ಗಾಜು ಗಡಸು, ಆದರೆ ಕೆಳಗೆ ಬಿದ್ದರೆ ಚೂರು. ಸೀಸ ಎಷ್ಟು ಬೇಕಾದರೂ ಬಾಗುತ್ತದೆ, ಆದರೆ ಟೊಮೆಟೊ ಹೆಚ್ಚುವುದಕ್ಕೂ ಆಗದು.

ಶಾಲೆಯ ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರಿಗೆ, ಹೊಲಿಗೆ ಸೂಜಿಗಳಿಂದ ಇದನ್ನು ಕಣ್ಣಾರೆ ಕಾಣಬಹುದು. ಕೆಂಪಗೆ ಕಾಯಿಸಿದ ಸೂಜಿಯನ್ನು ನಿಧಾನವಾಗಿ ಆರಲು ಬಿಟ್ಟರೆ ಅದು ತಂತಿಯಂತೆ ಬಾಗುತ್ತದೆ. ಹಾಗೆಯೇ ಕಾಯಿಸಿ ತಣ್ಣೀರಿನಲ್ಲಿ ಅದ್ದಿದರೆ ಚಟ್ಟನೆ ಮುರಿಯುತ್ತದೆ. ಅದ್ದಿದ ಸೂಜಿಯನ್ನು ಉಜ್ಜಿ ಹೊಳಪು ಮಾಡಿ, ನೀಲಿ ಬಣ್ಣ ಬರುವಷ್ಟು ಮಾತ್ರ ಮತ್ತೆ ಬಿಸಿ ಮಾಡಿದರೆ ಸ್ಪ್ರಿಂಗಿನ ಗುಣ ಬರುತ್ತದೆ. ಸೂಜಿ ಅದೇ, ಅದರೊಳಗಿನ ಇಂಗಾಲವೂ ಅಷ್ಟೇ. ಬದಲಾದದ್ದು ಅಣುಗಳು ಕೂತ ರೀತಿ.

ಕಮ್ಮಾರ ಮಾಡುವುದೂ ಇದನ್ನೇ, ಆದರೆ ಒಂದೇ ಅಲಗಿನಲ್ಲಿ ಎರಡು ಹದ ತರುತ್ತಾನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕುಲುಮೆಯ ಪಕ್ಕದಲ್ಲಿ ಆಯಸ್ಕಾಂತ ಇಟ್ಟುಕೊಂಡವನಿಗೆ ಉಷ್ಣಮಾಪಕ ಬೇಡ. ಅಂಟದ ಸ್ಥಿತಿಗೆ ಬಂದ ಅಲಗನ್ನು ಇನ್ನೊಂದಿಷ್ಟು ಕಾಯಿಸಿ, ಬಾಯಿಯ ಭಾಗವನ್ನಷ್ಟೇ ಎಣ್ಣೆಗೆ ಅದ್ದುತ್ತಾನೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಬಾಯಿಯ ಬಿರುಸನ್ನು ಸ್ವಲ್ಪ ಇಳಿಸುತ್ತಾನೆ. ಈ ಹದ ಹೊರಗಿನಿಂದ ಕಾಣುವುದಿಲ್ಲ.

ಸಂಗ್ರಾಹಕರ ತಾಪತ್ರಯ ಇರುವುದು ಇಲ್ಲೇ. ಕೈಯಿಂದ ಮಾಡಿದ ಒಂದು ಚಾಕುವಿಗೆ ಸಾವಿರಾರು ಡಾಲರ್ ಕೊಟ್ಟವನು ಅದರಿಂದ ಮರ ಕಡಿಯುತ್ತಾನೆಯೇ? ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಒಳ್ಳೆಯ ಚಾಕು ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಹಾಳುಮಾಡಬೇಕು. ಹಾಳುಮಾಡಿದರೆ ಸಂಗ್ರಹಿಸುವುದಕ್ಕೆ ಏನು ಉಳಿಯಿತು? ಸಂಘ ಕಂಡುಕೊಂಡ ದಾರಿ ಹೀಗಿದೆ: ಬಾಗಿಸಿದ ಚಾಕು ಹೋಯಿತು, ಆದರೆ ಅದನ್ನು ಮಾಡಿದ ಕೈ ಖಾತ್ರಿಯಾಯಿತು. ಅಷ್ಟರಿಂದಲೇ ಪದವಿ ಸಿಗುವುದಿಲ್ಲ. ಆ ಕೈ ಇನ್ನೂ ಐದು ಚಾಕು ಮಾಡಿ ತೀರ್ಪುಗಾರರ ಮುಂದಿಡಬೇಕು. ಅವುಗಳನ್ನು ಯಾರೂ ಬಾಗಿಸುವುದಿಲ್ಲ, ಕಣ್ಣಿನಿಂದಲೇ ಅಳೆಯುತ್ತಾರೆ. ಗೆದ್ದವನು ಅಲಗಿನ ಮೇಲೆ ತನ್ನ ದರ್ಜೆಯ ಎರಡು ಅಕ್ಷರ ಒತ್ತಬಹುದು. ಸಂಗ್ರಾಹಕ ಹುಡುಕುವುದು ಆ ಅಕ್ಷರಗಳನ್ನು.

ಇದಕ್ಕೆ ತದ್ವಿರುದ್ಧವಾದ ಒಬ್ಬ ಸಂಗ್ರಾಹಕನಿದ್ದ. ಸ್ವಿಟ್ಜರ್ಲೆಂಡಿನ ಹೆನ್ರಿ ಮೋಸರ್. ಪೂರ್ವದೇಶಗಳ ಆಯುಧಗಳನ್ನು ಕೂಡಿಹಾಕಿದ ಈತ, ಅಲೆ ಅಲೆಯ ಗೆರೆಗಳಿದ್ದ ಕೆಲವು ಡಮಾಸ್ಕಸ್ ಅಲಗುಗಳನ್ನು ತುಂಡರಿಸಿ ಪರೀಕ್ಷಿಸಲು ವಿಜ್ಞಾನಿಗೆ ಕೊಟ್ಟುಬಿಟ್ಟ. ಜೋಕ್ಕೆ ಎಂಬ ವಿಜ್ಞಾನಿ 1924ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಅಂಥ ಅಲಗುಗಳ ಮೂಲ ಉಕ್ಕು ದಕ್ಷಿಣ ಭಾರತದ ಮೂಸೆಗಳಿಂದ ಹೋದದ್ದೆಂದು ಪ್ರಸಿದ್ಧಿ. ಇಂಗ್ಲಿಷರು ಅದನ್ನು ವೂಟ್ಜ್ ಎಂದರು. ಕನ್ನಡದ 'ಉಕ್ಕು' ಅವರ ಬಾಯಲ್ಲಿ ಹಾಗಾಯಿತೆಂದು ಹಲವರ ಅಭಿಪ್ರಾಯ.

ಆ ತುಂಡುಗಳ ಚೂರುಗಳು ದಶಕಗಳ ನಂತರ ಅಮೆರಿಕದ ಅಯೋವಾದ ಲೋಹವಿಜ್ಞಾನಿ ಜಾನ್ ವರ್ಹೋವನ್ ಅವರ ಕೈ ಸೇರಿದವು. ಜೊತೆಗಾರ ಆಲ್‌ಫ್ರೆಡ್ ಪೆಂಡ್ರೆ, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದ ಕಮ್ಮಾರ. ವಿದ್ವಾಂಸ ಸೂಕ್ಷ್ಮದರ್ಶಕದಲ್ಲಿ ನೋಡಿದ, ಕಮ್ಮಾರ ಬಡಿದ. ಗೆರೆಗಳು ಹುಟ್ಟಲು ಅದಿರಿನಿಂದ ಬಂದ ಲವಲೇಶ ವನೇಡಿಯಂನಂಥ ಕಲಬೆರಕೆ ಬೇಕು ಎಂದು ಅವರು 1998ರಲ್ಲಿ ಬರೆದರು. ಅಂಥ ಕಲಬೆರಕೆ ಇದ್ದ ಗಟ್ಟಿಯನ್ನು ಪೆಂಡ್ರೆ ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದಂತೆ, ಹಳೆಯ ಖಡ್ಗಗಳ ಆ ಅಲೆಗಳು ಅವರ ಅಡಿಗಲ್ಲಿನ ಮೇಲೆ ಮತ್ತೆ ಎದ್ದವು.